ಪೋತ್ತನೂರಿಗೆ ಹೋದವಳು

ಎಪ್ಪತ್ತು ದಾಟಿದ ಮೇಲೆ ರಾಮಾತಾಳ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಅದೂ ಯಾರ ಮೇಲೆ? ಗೋಡೆಯಾಚೆಯ ಪಳನಿಯಮ್ಮನ ಮೇಲೆ. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಕಿಣತ್ತುಕಡವಿಗೆ ಬಂದವರು, ಒಂದೇ ಬಾವಿಯ ನೀರು ಸೇದಿದವರು. ಸೀರೆಗಾಗಲಿ ಒಡವೆಗಾಗಲಿ ಎಂದೂ ಹುಟ್ಟದ ಕಿಚ್ಚು ಮೊಮ್ಮಗಳ ಪಾಠದಿಂದ ಹುಟ್ಟಿತಲ್ಲ, ಇದಕ್ಕೆ ಏನೆನ್ನೋಣ!

ಮೊಮ್ಮಗಳು ನಿವೇತಾ ದಿನವೂ ಕೊಯಮತ್ತೂರಿಗೆ ಹೋಗಿಬಂದು ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು ಓದುತ್ತಿದ್ದಳು. ಈ ವರ್ಷ ಅವಳಿಗೊಂದು ಹೊಸ ಪಾಠ ಬಂದಿತ್ತು. ಮಾನವಶಾಸ್ತ್ರ, ಮನಃಶಾಸ್ತ್ರ, ಸಮಾಜಶಾಸ್ತ್ರ ಮೂರನ್ನೂ ಒಂದೇ ಪುಸ್ತಕದಲ್ಲಿ ತುರುಕಿದ್ದರು. ರಾಮಾತಾಳ್ ಅದಕ್ಕೆ ‘ಮನುಷ್ಯರ ಪಾಠ’ ಎಂದು ಹೆಸರಿಟ್ಟಿದ್ದಳು. ವಯಸ್ಸಾದ ಒಬ್ಬ ಹೆಂಗಸನ್ನು ಕೂರಿಸಿಕೊಂಡು, ಅವಳ ಬದುಕನ್ನು ಅವಳ ಬಾಯಿಂದಲೇ ಹೇಳಿಸಿ, ಫೋನಿನಲ್ಲಿ ಹಿಡಿದು ತರಬೇಕೆಂದು ಮಿಸ್ ಹೇಳಿದ್ದರಂತೆ. ಸುದ್ದಿ ಕೇಳಿದ ರಾಮಾತಾಳ್ ತಲೆ ಬಾಚಿ, ನೆಗಮಂ ಕೈಮಗ್ಗದ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ನಿವೇತಾ ಸ್ಕೂಲಿನಿಂದ ಬಂದವಳೇ ಚೀಲ ಎಸೆದು, ಗೋಡೆ ಹಾರಿ ಪಳನಿಯಮ್ಮನ ಜಗಲಿಗೆ ಹೋದಳು.

ಸ್ವಂತ ಮನೆಯವರು ಆಗುವುದಿಲ್ಲವಂತೆ. ಮನೆಯವರು ಮನೆಯವರಿಗೆ ಎಲ್ಲವನ್ನೂ ನಿಜ ಹೇಳುವುದಿಲ್ಲ, ಅದಕ್ಕೇ ಹೊರಗಿನವರನ್ನು ಕೇಳಿ ಎಂದು ಮಿಸ್ಸಿನ ಅಪ್ಪಣೆ. ನಾನೇನು ಸುಳ್ಳಿಯಾ ಎಂದು ರಾಮಾತಾಳ್ ಅವತ್ತು ಸಾರಿಗೆ ಉಪ್ಪನ್ನೇ ಹಾಕಲಿಲ್ಲ.

ಆಮೇಲೆ ದಿನವೂ ಅದೇ ಪಾಡು. ಪಳನಿಯಮ್ಮ ಚಕ್ಕುಲಿಯಂಥ ಮುರುಕು ಕೊಡುವುದೇನು, ಮದುವೆ ಸುದ್ದಿ ಹೇಳುವುದೇನು, ನಿವೇತಾ ಕೆನ್ನೆಗೆ ಕೈಕೊಟ್ಟು ಕೇಳುವುದೇನು! ಊಟಕ್ಕೆ ಕೂತರೂ ಆ ಹುಡುಗಿಯ ಬಾಯಲ್ಲಿ ಪಳನಿಯಮ್ಮವ್ವನದೇ ಜಪ. ಹದಿನಾರು ವರ್ಷ ಎತ್ತಿ ಆಡಿಸಿದವಳು ನಾನು, ನನ್ನನ್ನು ಒಂದು ಮಾತು ಕೇಳಿದವರುಂಟೇ? ರಾಮಾತಾಳ್ ಹುಣಸೆಹಣ್ಣಿನ ಬೀಜ ಬಿಡಿಸುವ ನೆಪ ಮಾಡಿಕೊಂಡು ಗೋಡೆಯ ಬುಡಕ್ಕೆ ಮೊರ ತಂದಿಟ್ಟಳು. ಕೈ ಹುಣಸೆಯಲ್ಲಿತ್ತು, ಕಿವಿಯೆರಡೂ ಆಚೆ ಕಡೆಯಿದ್ದವು.

ಒಂದು ಸಂಜೆ ನಿವೇತಾ ಮನಃಶಾಸ್ತ್ರದ ಪ್ರಶ್ನೆ ತೆಗೆದಳು. ಯಾರಿಗೂ ಹೇಳದೆ, ನಿಮಗೋಸ್ಕರ ಮಾತ್ರ ಏನಾದರೂ ಮಾಡಿದ್ದುಂಟೇ ಎಂದು ಕೇಳಿದಳು. ಪಳನಿಯಮ್ಮ ಮುರುಕಿನ ತಟ್ಟೆ ಪಕ್ಕಕ್ಕಿಟ್ಟಳು. ಆಮೇಲೆ ದನಿ ತಗ್ಗಿಸಿ ಶುರುಮಾಡಿದಳು. ಮದುವೆಯಾದ ಹೊಸತು, ಇನ್ನೂ ಮಕ್ಕಳಾಗಿರಲಿಲ್ಲ. ಅತ್ತೆಯ ಬಾಯಿ ತಾಳಲಾರದೆ ಒಂದು ಬೆಳಿಗ್ಗೆ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಪೋತ್ತನೂರು ಜಂಕ್ಷನ್ನಿಗೆ ಹೋಗಿಬಿಟ್ಟಳಂತೆ. ಯಾವ ರೈಲು ಬಂದರೂ ಸರಿ, ಹತ್ತಿ ಹೋಗುವುದು ಎಂದುಕೊಂಡಿದ್ದಳಂತೆ.

ರಾಮಾತಾಳ್‌ನ ಕೈ ನಿಂತಿತು. ಅಲ್ಲಾ, ಇದು ನನ್ನ ಕಥೆ! ಪೋತ್ತನೂರಿಗೆ ಹೋದವಳು ನಾನು. ಈ ಪಳನಿಯಮ್ಮ ಆವತ್ತು ಹೊಸ್ತಿಲು ದಾಟಿದವಳಲ್ಲ. ರಾಮಾತಾಳ್ ತವರಿಗೆ ಹೋಗಿದ್ದಾಳೆ ಎಂದು ನನ್ನ ಅತ್ತೆಗೆ ಸುಳ್ಳು ಹೇಳಿ ನನ್ನನ್ನು ಕಾಪಾಡಿದ್ದಳು, ಅಷ್ಟೇ. ಐವತ್ತು ವರ್ಷ ಯಾರ ಮುಂದೆಯೂ ಬಾಯಿಬಿಡಲಿಲ್ಲ ಎನ್ನುವುದೂ ನಿಜ. ಅದಕ್ಕೆಂದು ಈಗ ಎತ್ತಿಕೊಂಡು ತನ್ನದೆಂದು ಹೇಳಿಕೊಳ್ಳುವುದೇ?

ಗೋಡೆಯ ಮೇಲಿಂದ ಇಣುಕಿದರೆ ನಿವೇತಾಳ ಕಣ್ಣು ಅರಳಿತ್ತು. ಎಷ್ಟು ಧೈರ್ಯ ನಿಮಗೆ ಎಂದು ಪಳನಿಯಮ್ಮನ ಕೈ ಹಿಡಿದುಕೊಂಡಿದ್ದಳು. ರಾಮಾತಾಳ್‌ಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಆ ಹುಡುಗಿ ಹಿಡಿಯಬೇಕಾದದ್ದು ನನ್ನ ಕೈ. ಆದರೆ ನನ್ನದು ಎನ್ನುವುದು ಹೇಗೆ? ಪಳನಿಯಮ್ಮ ಜಾಣತನದಿಂದ ಹೇಳದೆ ಬಿಟ್ಟಿದ್ದ ಕೂಸೊಂದು ಆ ಕಥೆಯಲ್ಲಿತ್ತು. ಸೀರೆಯ ತೂಗುತೊಟ್ಟಿಲಲ್ಲಿ ಮಲಗಿದ್ದ ಆರು ತಿಂಗಳ ಆ ಕೂಸು ನಿವೇತಾಳ ಅಪ್ಪ ದೇವರಾಜನ್. ಹೆತ್ತ ಮಗನನ್ನು ಬಿಟ್ಟು ಹೊರಟವಳು ಎಂದು ಈ ಹುಡುಗಿಗೆ ತಿಳಿದರೆ ನನ್ನ ಮುಖ ನೋಡಿಯಾಳೇ? ನುಂಗಿಕೋ ರಾಮಾತಾಳ್, ಎಂದು ತನಗೆ ತಾನೇ ಹೇಳಿಕೊಂಡು ಬೀಜಕ್ಕೆ ಕೈಹಾಕಿದಳು.

ಮತ್ತೆ ಯಾಕೆ ವಾಪಸು ಬಂದಿರಿ ಎಂದು ಆಚೆ ನಿವೇತಾ ಕೇಳಿದಳು.

“ಭಯ ಆಗ್ಬುಟ್ತು, ನನ್ ಕಣ್ಣೇ. ಬಂದ್ಬುಟ್ಟೆ,” ಎಂದಳು ಪಳನಿಯಮ್ಮ.

ಭಯವಂತೆ! ಅದೊಂದನ್ನು ಮಾತ್ರ ರಾಮಾತಾಳ್‌ಗೆ ತಡೆಯಲಾಗಲಿಲ್ಲ. ಮೊರ ಪಕ್ಕಕ್ಕೆ ತಳ್ಳಿ ಎದ್ದು ನಿಂತಳು.

“ಭಯಾನೂ ಇಲ್ಲ, ಮಣ್ಣೂ ಇಲ್ಲ. ರೈಲು ಬಂದು ನಿಂತಿತ್ತು, ಒಂದು ಕಾಲು ಮೇಲಿಟ್ಟಿದ್ದೆ. ಎದೇಲಿ ಹಾಲು ಇಳೀತು, ರವಿಕೆಯೆಲ್ಲ ನೆಂದೋಯ್ತು. ಅದಕ್ಕೆ ಬಂದೆ.”

ನಿವೇತಾ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ಹುಡುಗಿ ದಡ್ಡಿಯಲ್ಲ. ಯಾವ ಕೂಸು ಎಂದು ಮೆಲ್ಲಗೆ ಕೇಳಿದಳು. ನಿನ್ನಪ್ಪ ಎಂದಳು ರಾಮಾತಾಳ್. ಬಾಯಿಂದ ಹೊರಟ ಮೇಲೆ ಮುಚ್ಚಿಟ್ಟು ಪ್ರಯೋಜನವೇನು? ಗೋಡೆ ಸುತ್ತಿ ಬಂದು ಆ ಜಗಲಿಯ ಅಂಚಿನಲ್ಲಿ ಕೂತಳು. ನಿವೇತಾ ಫೋನ್ ಆರಿಸಲು ಕೈ ಚಾಚಿದಾಗ, ಇರಲಿ ಬಿಡು ಎಂದು ತಡೆದಳು. ಬೈಯುವ ಮಾತೇನಾದರೂ ಬರುತ್ತದೆಂದು ಕಾದಳು. ಹುಡುಗಿ ಬೈಯಲಿಲ್ಲ. ಅಜ್ಜಿಯ ಮೊಣಕಾಲಿಗೆ ತಗುಲುವಷ್ಟು ಹತ್ತಿರ ಸರಿದು ಕೂತಳು. ಪಳನಿಯಮ್ಮ ಮಾತ್ರ ತಲೆ ತಗ್ಗಿಸಿದ್ದಳು.

ನನ್ನ ಕಥೆ ನಿನಗ್ಯಾಕೆ ಬೇಕಿತ್ತು ಎಂದು ರಾಮಾತಾಳ್ ಅವಳನ್ನು ಗದರಿದಳು.

“ನೀ ಒಂದು ದಿನಾನಾದ್ರೂ ಹೋಗಿದ್ದೆ,” ಎಂದಳು ಪಳನಿಯಮ್ಮ. “ನಾ ಇಲ್ಲೇ ಎರಡು ಕೂಸು ತೂಗ್ತಾ ಇದ್ದೆ. ಆ ಹುಡುಗಿ ಕೇಳಿದ್ಕೆ ಹೇಳೋಕೆ ನನ್ಹತ್ರ ಏನೂ ಇರ್ಲಿಲ್ಲ.”

ರಾಮಾತಾಳ್ ಅವಳ ಕಡೆ ತಿರುಗಿ ಕೂತಳು. ಹದಿನೈದು ದಿನದಿಂದ ತಾನು ಇವಳ ಮೇಲೆ ಕುದಿದರೆ, ಇವಳು ಆ ಒಂದು ದಿನಕ್ಕೆ ಬಾಳೆಲ್ಲ ಕುದಿದಿದ್ದಳು. ಆಗ ತಾನು ಎಂದೂ ಕೇಳಲು ಧೈರ್ಯ ಮಾಡದ ಮಾತು ರಾಮಾತಾಳ್‌ನ ನಾಲಿಗೆಗೆ ಬಂತು. ಆವತ್ತು ಓಡೋಡಿ ಬಂದು ಕೂಸನ್ನು ಎದೆಗೆ ಹಾಕಿಕೊಂಡರೆ ಅದು ಕುಡಿಯಲೇ ಇಲ್ಲ, ಮುಖ ತಿರುಗಿಸಿಕೊಂಡಿತ್ತು. ಬಿಟ್ಟುಹೋದ ಸಿಟ್ಟು ಅದು, ಅಷ್ಟು ಎಳೆಯದಕ್ಕೂ ಗೊತ್ತಾಗಿದೆ ಎಂದೇ ಅವಳು ಇಷ್ಟು ಕಾಲ ಬದುಕಿದ್ದಳು.

“ನಾ ಹೋದ್ಮೇಲೆ ಮಗ ಬಹಳ ಅತ್ನಾ, ಪಳನಿ?”

“ಅಳೋಕೆ ಬಿಟ್ರೆ ತಾನೆ? ನನ್ ಸೆಂದಿಲ್ ಜೊತೇಲೇ ಅವನ್ಗೂ ನನ್ ಹಾಲೇ ಕೊಟ್ಟೆ. ಹೊಟ್ಟೆ ತುಂಬ ಕುಡಿದು ಮಲಗಿದ್ದ.”

ಹೊಟ್ಟೆ ತುಂಬಿತ್ತು, ಅಷ್ಟೇ! ಸಿಟ್ಟಲ್ಲ. ರಾಮಾತಾಳ್ ಸೆರಗು ಬಾಯಿಗೆ ಹಿಡಿದು ಅತ್ತಳು. ಅಳು ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲಿ, ನನ್ನ ಮಗನಿಗೆ ಇವಳು ಹಾಲು ಕೊಟ್ಟಳೇ, ಅವನು ಅಷ್ಟು ಸುಖವಾಗಿ ಕುಡಿದನೇ ಎಂಬ ಕಿಚ್ಚು ಹೊಸದಾಗಿ ಹತ್ತಿಕೊಂಡಿತು. ಪಳನಿಯಮ್ಮನ ತಟ್ಟೆಯಿಂದ ಮುರುಕು ಎತ್ತಿಕೊಂಡು, ಎಣ್ಣೆ ಹೆಚ್ಚಾಗಿದೆ ಎಂದು ಮೂಗು ಮುರಿಯುತ್ತಲೇ ತಿಂದಳು.