ಇನ್ನೊಂದು ಸಹಿ

ಸಾವಿಗೆ ಬಂದವರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ, ವಿಧವೆಯ ಬಿಳಿಯುಡುಪಿನಲ್ಲಿ ಬತೂಲ್ ಗಂಡನ ಪೆಟ್ಟಿಗೆ ತೆರೆದಳು. ಒಳಗೆ ಮನೆಯ ಪತ್ರವಿತ್ತು. ಪಾಲುದಾರರು ಸತ್ತಾಗಲೆಲ್ಲ ಅವರ ವಾರಸುದಾರರ ಹೆಸರು ಬರೆಯಲು ಒಂದು ಹಾಳೆಯ ತುದಿಗೆ ಇನ್ನೊಂದನ್ನು ಅಂಟಿಸುತ್ತ ಬಂದ, ತೋಳಿನಷ್ಟು ದಪ್ಪದ ಸುರುಳಿ. ಫೆಸ್ ಊರಿನ ಈ ಹಳೆಯ ಮನೆಯನ್ನು ಮಾರಿ ಸಮುದ್ರದ ಕಡೆ ಹೋಗೋಣವೆಂದು ಗಂಡ ಹಮ್ಮಾದಿ ಆ ಸುರುಳಿಯನ್ನು ಮಹಡಿಯಲ್ಲಿದ್ದ ತನ್ನ ಸೋದರತ್ತೆ ಲಲ್ಲಾ ತಾಮು ಅವರಿಂದ ಕೇಳಿ ತಂದು ಒಂಬತ್ತು ವರ್ಷವಾಗಿತ್ತು. ವಾರಸುದಾರರ ಮನೆಮನೆಗೂ ಅಲೆದು ಸಹಿ ಹಾಕಿಸಿದ್ದ. ಇನ್ನೊಬ್ಬರದು ಮಾತ್ರ ಬಾಕಿ ಎಂದು ಹೋದ ತಿಂಗಳು ಹೇಳಿದ್ದ.

ಆ ಒಂದು ಸಹಿಯಾದರೆ ತಾನು ಒಬ್ಬಳಾದರೂ ಹೊರಡಬಹುದು. ಬತೂಲ್ ಅಂಗಳದಲ್ಲಿ ಸುರುಳಿ ಬಿಚ್ಚಿದಳು. ಅದು ಬಾಗಿಲಿನಿಂದ ಹೊರಟು ಕಾರಂಜಿಯನ್ನು ಸುತ್ತಿ ಮೆಟ್ಟಿಲು ಮುಟ್ಟಿತು. ಮೆಟ್ಟಿಲ ಮೇಲೆ ಲಲ್ಲಾ ತಾಮು ನಿಂತಿದ್ದರು.

"ಇನ್ನು ಒಂದೇ ಸಹಿ ಅಲ್ವಾ ಲಲ್ಲಾ?"

"ಎಲ್ಲಿ ಒಂದು ಮಗಳೇ! ಹಮ್ಮಾದಿ ಹೋದ್ನಲ್ಲ, ಅವನ ಪಾಲು ಈಗ ನಿಂಗೆ, ಅವನಮ್ಮಂಗೆ, ಐದು ಜನ ತಮ್ಮಂದಿರಿಗೆ. ಬಾಕಿ ಇದ್ದ ಆ ಒಂದೂ ಸೇರಿ ಎಂಟಾಯ್ತು."

"ಹಾಗಾದ್ರೆ ಮಾರೋದು ಯಾವಾಗ?"

"ನಮ್ಮಜ್ಜನೂ ಹೀಗೇ ಕೇಳ್ತಿದ್ದ. ಈ ಮನೇಲಿ ಸಹಿ ಹಾಕೋರಿಗಿಂತ ಸಾಯೋರೇ ಚುರುಕು!"

ಬತೂಲ್ ಮಂಡಿಯೂರಿ ಓದತೊಡಗಿದಳು. ಸತ್ತ ಪ್ರತಿಯೊಬ್ಬ ಗಂಡಸಿನ ಹೆಸರಿನ ಕೆಳಗೆ ಮೊದಲು ಬರೆದದ್ದು ಅವನ ಹೆಂಡತಿಯ ಹೆಸರು. ಇನ್ನೂರು ವರ್ಷಗಳ ವಿಧವೆಯರು ಬಾಗಿಲಿನಿಂದ ಮೆಟ್ಟಿಲವರೆಗೆ ಸಾಲಾಗಿದ್ದರು. ಆ ಸಾಲಿನ ಕೊನೆಯಲ್ಲಿ ಒಂದು ಗೇಣು ಕಾಗದ ಖಾಲಿಯಿತ್ತು. ಅವಳು ಅದನ್ನೇ ನೋಡಿದಳು.

ಆಮೇಲೆ ಸುರುಳಿಯನ್ನು ಮೆಲ್ಲಗೆ ಸುತ್ತಿ, ಎರಡೂ ಕೈಯಲ್ಲಿ ಎತ್ತಿ ಲಲ್ಲಾ ತಾಮುಗೆ ಕೊಟ್ಟಳು.

"ಹಮ್ಮಾದಿ ನಿಮ್ಮಿಂದ ತಂದಿದ್ದು. ನನ್ನ ಹೆಸರು ಬರೆಸಿ, ನಿಮ್ಮ ಹತ್ರಾನೇ ಇಟ್ಕೊಳ್ಳಿ."