ಕೆಳದವಡೆಗೆ ಎರಡು ಚೌಕಟ್ಟು

ಕಿತ್ತೂರಿನ ಮದುವೆಯೊಂದರಲ್ಲಿ ಸನಾದಿ ನುಡಿಸಿ ಮರಳುವಾಗ ಟೆಂಪೊ ಉರುಳಿ, ರಾಮದುರ್ಗದ ಜಟ್ಟೆಪ್ಪನ ಕೆಳದವಡೆ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಜೀವ ಉಳಿಯಿತು, ಕೆಳಗಿನ ಹಲ್ಲುಗಳು ಉಳಿಯಲಿಲ್ಲ. ಗಾಯ ಮಾಯ್ದ ಮೇಲೆ ತೆಗೆದು ಹಾಕುವ ಪ್ಲೇಟಿನ ಹಲ್ಲು ಕಟ್ಟಿಸಿಕೊಂಡ. ನೆನೆಸಿದ ರೊಟ್ಟಿ ತಿನ್ನಲು ಅದು ಸಾಕಾಗುತ್ತಿತ್ತು. ಆದರೆ ಸನಾದಿಯ ತುದಿಯನ್ನು ತುಟಿಯಲ್ಲಿ ಹಿಡಿದು ಊದಿದ ಕೂಡಲೇ ಪ್ಲೇಟು ಮೇಲೆದ್ದು ನಾಲಿಗೆಗೆ ಅಡ್ಡ ಬರುತ್ತಿತ್ತು. ಬಸುರಿಯೊಬ್ಬಳ ಕುಬುಸದ ಕಾರ್ಯದಲ್ಲಿ ಸ್ವರ ನಡುವೆಯೇ ಮುರಿದು, ಪ್ಲೇಟು ಎಲ್ಲರೆದುರು ಹೊರಬಿತ್ತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಂದಿನಿಂದ ಅವನು ಮನೆ ಬಿಟ್ಟು ಹೊರಬೀಳುವುದನ್ನೇ ನಿಲ್ಲಿಸಿದ.

ಅಪಘಾತದ ಪರಿಹಾರ ಕೈಗೆ ಬಂದಾಗ, ಅವನ ಅಕ್ಕ ಬಾಯವ್ವ ಅವನನ್ನು ಎಬ್ಬಿಸಿಕೊಂಡು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಕರೆತಂದಳು. ಅಲ್ಲಿ ಡಾಕ್ಟರ್ ಹಿನಾಕೌಸರ ಹೊಸದಾಗಿ ದಂತಚಿಕಿತ್ಸಾಲಯ ತೆರೆದಿದ್ದಳು. ಅದು ೨೦೦೬. ಎಲುಬಿಗೇ ಟೈಟೇನಿಯಂ ಸ್ಕ್ರೂ ಕೂರಿಸಿ, ಅದರ ಮೇಲೆ ಅಲುಗಾಡದ ಹಲ್ಲು ಕಟ್ಟುವ ಕೆಲಸ ಈ ಭಾಗಕ್ಕೆ ಇನ್ನೂ ಹೊಸದು. ಅವಳು ನಾಲ್ಕು ಸ್ಕ್ರೂ ಕೂರಿಸಿದಳು. ಎಲುಬು ಅವನ್ನು ಹಿಡಿದುಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಜಟ್ಟೆಪ್ಪ ಕಾದ.

ನಂತರ, ಹಲ್ಲುಗಳನ್ನು ಹೊರುವ ಲೋಹದ ಚೌಕಟ್ಟಿನ ಮಾತು ಬಂತು.

"ಮೇಣದಾಗ ಆಕಾರ ಮಾಡಿ, ಅದರ ಜಾಗಾಕ್ಕ ಕಾದ ಲೋಹ ಹೊಯ್ಯೂದು ಹಳೇ ಪದ್ಧತಿರಿ ಕಾಕಾ," ಎಂದಳು ಹಿನಾಕೌಸರ. "ಆರುವಾಗ ಲೋಹ ಕುಗ್ಗತೈತಿ, ಸೊಟ್ಟ ಆಗತೈತಿ. ಈಗ ಗಟ್ಟಿ ಲೋಹದ ತುಂಡನ್ನ ಮಷೀನಿನಿಂದ ಕೆತ್ತಸ್ತಾರ. ನಾ ಎರಡೂ ಮಾಡಿಸ್ತೇನಿ. ಯಾವುದು ಚಲೋ ಕುಂದರತೈತಿ ಅದನ್ನ ಹಾಕೂಣು."

ಜಟ್ಟೆಪ್ಪನ ಬಾಯಿಯ ಅಚ್ಚು ತೆಗೆದು, ಅದರಿಂದ ಗಚ್ಚಿನ ಮಾದರಿ ಮಾಡಿದಳು. ಎರಡೂ ಚೌಕಟ್ಟುಗಳು ಅದೇ ಮಾದರಿಯ ಮೇಲೆ ತಯಾರಾಗಿ ಬಂದವು. ಅವಳು ಒಂದೊಂದನ್ನೂ ಮಾದರಿಯ ಮೇಲಿಟ್ಟು, ಒಂದು ತುದಿಯ ಸ್ಕ್ರೂ ಮಾತ್ರ ಬಿಗಿದು ಇನ್ನೊಂದು ತುದಿ ನೋಡಿದಳು. ಎರಕದ್ದು ಎದ್ದು ನಿಂತಿತು. ಕೆತ್ತಿದ್ದು ಒಂದಿಷ್ಟೂ ಮಿಸುಕಲಿಲ್ಲ. ಅವಳಿಗೆ ಖುಷಿಯಾಯಿತು, ಎರಕದ್ದನ್ನು ಪಕ್ಕಕ್ಕಿಟ್ಟಳು.

ಆದರೆ ಹಲ್ಲು ಕೂಡಿಸಿ ಜಟ್ಟೆಪ್ಪನ ಬಾಯಲ್ಲಿ ಕೂರಿಸಿದಾಗ ಕೆತ್ತಿದ ಚೌಕಟ್ಟೂ ಎಡಗಡೆ ತುಸು ಮೇಲೆದ್ದಿತು. ಎಕ್ಸ್‌ರೇಯಲ್ಲಿ ಸ್ಕ್ರೂಗೂ ಚೌಕಟ್ಟಿಗೂ ನಡುವೆ ಕೂದಲಿನಂಥ ಕಪ್ಪು ಗೆರೆ ಕಂಡಿತು. ಅವಳಿಗೆ ಅರ್ಥವಾಯಿತು. ಮಷೀನು ತಪ್ಪು ಮಾಡಿರಲಿಲ್ಲ, ಮಾದರಿಯನ್ನು ಇದ್ದ ಹಾಗೇ ಕೆತ್ತಿತ್ತು. ಮಾದರಿಯೇ ತಪ್ಪಾಗಿತ್ತು. ಅಚ್ಚು ತೆಗೆಯುವಾಗ ತನ್ನ ಕೈಯಲ್ಲೇ ಏನೋ ಸರಿದಿತ್ತು.

"ಇನ್ನೊಮ್ಮೆ ಅಚ್ಚ ತಗೀಬೇಕರಿ. ಎಲ್ಲಾ ಮೊದಲಿನಿಂದ."

ಜಟ್ಟೆಪ್ಪ ಚೀಲದಿಂದ ಸನಾದಿ ತೆಗೆದು ಊದಿದ. ಸ್ವರ ಒಡೆಯದೆ ಕೋಣೆ ತುಂಬಿತು. ಬಾಯವ್ವ ಗೋಡೆಗೆ ಮುಖ ಮಾಡಿ ಅತ್ತಳು.

"ಇನ್ನ ಇದನ್ನ ತಗೀಬ್ಯಾಡ್ರಿ ಡಾಕ್ಟರ," ಎಂದ ಅವನು. "ಸವದತ್ತ್ಯಾಗ ಮದುವಿಗೆ ಊದಾಕ ಒಪ್ಪಿಕೊಂಡೇನಿ. ಕೈ ಮುಗೀತೇನಿ."

ಗೆರೆ ಕೂದಲಿನಷ್ಟೇ ಸಣ್ಣದು, ತಡೆದೀತು ಎಂದುಕೊಂಡಳು ಹಿನಾಕೌಸರ. ನಾಲ್ಕೂ ಸ್ಕ್ರೂ ಬಿಗಿದಳು.

"ಗದ್ದ ಯಾರೋ ಹಿಡದು ಜಗ್ಗಿದಂಗ ಆಗಾಕತ್ತೈತಿ," ಎಂದ.

"ದಿನಾ ಕಳದಂಗ ಸರಿ ಹೋಗತೈತ್ರಿ."

ಆ ಮದುವೆ ಹಂಗಾಮಿನಲ್ಲಿ ಜಟ್ಟೆಪ್ಪನ ಕೈಗೆ ಬಿಡುವಿರಲಿಲ್ಲ. ತೋರಿಸಲು ಬರಬೇಕೆಂದು ಹೇಳಿ ಕಳಿಸಿದರೂ ಬರಲಿಲ್ಲ. ನೋವು ಶುರುವಾದಾಗ, ಹೋದರೆ ಹಲ್ಲು ಬಿಚ್ಚಿಬಿಡುತ್ತಾರೆಂದು ಹೆದರಿ, ಗುಳಿಗೆ ನುಂಗಿ ಊದಿದ. ಕೀವು ಗದ್ದದ ಹೊರಗೆ ಒಡೆದ ಮೇಲೆಯೇ ಬಾಯವ್ವನಿಗೆ ಗೊತ್ತಾದದ್ದು. ಅವಳೇ ಅವನನ್ನು ಬೈಲಹೊಂಗಲಕ್ಕೆ ಕರೆತಂದಳು.

ಈ ಸಲದ ಎಕ್ಸ್‌ರೇಯಲ್ಲಿ ಸರಿಯಾಗಿ ಕೂರದ ಚೌಕಟ್ಟಿನ ಜಗ್ಗಾಟಕ್ಕೆ ಸ್ಕ್ರೂಗಳ ಸುತ್ತಲಿನ ಎಲುಬು ಕರಗಿಹೋಗಿತ್ತು. ಒಂದು ಸ್ಕ್ರೂ ಒಳಗೇ ಮುರಿದಿತ್ತು. ಹಿನಾಕೌಸರ ಎಲ್ಲವನ್ನೂ ಕಳಚಿದಳು. ಎಡಗಡೆಯವು ಬೆರಳಿಗೇ ಎದ್ದುಬಂದವು.

"ಮತ್ತ ಹಾಕಾಕ ಬರಂಗಿಲ್ಲೇನ್ರಿ?" ಎಂದ ಜಟ್ಟೆಪ್ಪ.

"ಹಿಡಕೊಳ್ಳಾಕ ಎಲುಬ ಉಳದಿಲ್ರಿ ಕಾಕಾ."

ಜಟ್ಟೆಪ್ಪ ಬಾಯಿಗೆ ಅರಿವೆ ಒತ್ತಿಕೊಂಡ. "ಅವಸರಾ ಮಾಡಿದಾಂವ ನಾನ," ಎಂದ.

"ಅವಸರಾ ನೀವು ಮಾಡಿದ್ರಿ. ಬ್ಯಾಡ ಅನ್ನೂದು ನನ್ನ ಕೆಲಸ ಇತ್ತು. ನಾ ಅನ್ನಲಿಲ್ಲ."

ಅವನು ಅವಳ ಮುಖ ನೋಡಲಿಲ್ಲ.

"ಉಣ್ಣಾಕ ಏನ ಕೊಡ್ಲಿರಿ ಇಂವಗ?" ಎಂದು ಬಾಯವ್ವ ಕೇಳಿದಳು.

"ಗಂಜಿ ಕೊಡ್ರಿ. ಆರಿಸಿ ಕೊಡ್ರಿ."

ಜಟ್ಟೆಪ್ಪ ಮತ್ತೆ ಬೈಲಹೊಂಗಲಕ್ಕೆ ಬರಲಿಲ್ಲ. ಸನಾದಿಯನ್ನು ಮನೋಳಿಯ ಮೇಳದವರಿಗೆ ಕೊಟ್ಟುಬಿಟ್ಟನಂತೆ. ಹಿನಾಕೌಸರ ಆಮೇಲೆಯೂ ಈ ಕೆಲಸ ಮಾಡಿದಳು. ಅಚ್ಚನ್ನು ಎರಡೆರಡು ಸಲ ತೆಗೆದು ತಾಳೆ ನೋಡುತ್ತಿದ್ದಳು, ಬಾಯಲ್ಲಿ ಚೌಕಟ್ಟು ಕೂದಲೆಳೆಯಷ್ಟು ಎದ್ದರೂ ಅದನ್ನು ವಾಪಸು ಕಳಿಸುತ್ತಿದ್ದಳು. ರಾಮದುರ್ಗದ ಕಡೆಯ ರೋಗಿ ಬಂದರೆ ಜಟ್ಟೆಪ್ಪನನ್ನು ವಿಚಾರಿಸುತ್ತಿದ್ದಳು.

"ಅದಾನ್ರಿ," ಎನ್ನುತ್ತಿದ್ದರು ಅವರು. "ಕಟ್ಟಿ ಮ್ಯಾಲ ಕುಂತಿರ್ತಾನ. ಮಾತಾಡಿಸಿದ್ರ ಒಳಗ ಎದ್ದು ಹೋಗ್ತಾನ."