ಇಪ್ಪತ್ತೇಳರಲ್ಲಿ ನಿಂತ ನ್ಯೆಪಿ

ನನ್ನ ಗಂಡ ವಿದಾರ್ತ ಊರಿಗೆಲ್ಲ ಕಂಪ್ಯೂಟರ್ ಡಾಕ್ಟರು. ಮಾರುಕಟ್ಟೆ ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದಾರೆ. ಬಂದ ಗಿರಾಕಿಗೆ ಮೊದಲು ಬೈಗುಳ, ಆಮೇಲೆ ರಿಪೇರಿ. "ಇನ್ನೊಂದು ಕಡೆ ಕಾಪಿ ಇಟ್ಕೊಂಡಿದ್ರಾ? ಇಲ್ವಾ? ಹಾಗಾದ್ರೆ ದೇವರೇ ಗತಿ!" ಇಷ್ಟು ಹೇಳುವ ಮಹಾನುಭಾವರ ಸ್ವಂತ ಮನೆಯ ಕಂಪ್ಯೂಟರಿನಲ್ಲಿ ಹೆಂಡತಿಯ ಅರ್ಜಿ ಇತ್ತಲ್ಲ, ಅದಕ್ಕೆ ಇನ್ನೊಂದು ಕಾಪಿ ಇತ್ತೇ? ಇರಲಿಲ್ಲ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಹನ್ನೆರಡು ವರ್ಷದಿಂದ ನಾನು ಗುತ್ತಿಗೆ ಟೀಚರು. ಕಾಯಂ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಮೂವತ್ತೈದು ತುಂಬಿರಬಾರದು. ನನಗೆ ಮುಂದಿನ ತಿಂಗಳು ತುಂಬುತ್ತದೆ. ಅಂದರೆ ಇದೇ ಕೊನೆಯ ಸಲ. ಕಡೆಯ ಗಡುವು ಬಾಲಿಯ ಮೌನದ ಹಬ್ಬ ನ್ಯೆಪಿಯ ಮರುದಿನ ಮಧ್ಯಾಹ್ನ ಹನ್ನೆರಡು. ಸರ್ಟಿಫಿಕೇಟು, ಸೇವಾ ಪತ್ರ, ಸಹಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಆ ಕಂಪ್ಯೂಟರ್ ಡಬ್ಬದಲ್ಲಿ ಇಟ್ಟಿದ್ದೆ. ಅಸಲು ಕಾಗದಗಳು ಹೆಡ್‌ಮಾಸ್ತರರ ಬೀರುವಿನಲ್ಲಿದ್ದವು. ಬೀರುವಿನ ಬೀಗದ ಕೈ ಅವರ ಜೇಬಿನಲ್ಲಿ, ಅವರು ರಜೆಗೆಂದು ಜಾವಾದಲ್ಲಿ.

ನ್ಯೆಪಿಯ ಹಿಂದಿನ ಸಂಜೆ ಓಗೋ-ಓಗೋ ಎಂಬ ಭೂತದ ಬೊಂಬೆಗಳ ಮೆರವಣಿಗೆಗೆ ಹೊರಟು ನಿಂತಿದ್ದೆವು. ಇವರಿಗೆ ಆಗಲೇ ಬುದ್ಧಿ ಓಡಬೇಕೇ! (ಇವರ ಬಾಯಲ್ಲಿ ನಾನು 'ಲುಹ್', ನನ್ನ ಬಾಯಲ್ಲಿ ಇವರು 'ಬ್ಲಿ'.)

"ನಾಳೆ ಹೇಗೂ ಇಂಟರ್‌ನೆಟ್ ಇರಲ್ಲ ಲುಹ್. ಇದು ಒಂದು ತಿಂಗಳಿಂದ ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಅಂತ ಗೋಗರೀತಿದೆ. ಒತ್ತಿಬಿಟ್ಟು ಹೋಗೋಣ. ಬರೋಷ್ಟ್ರಲ್ಲಿ ಆಗಿರುತ್ತೆ."

ಒತ್ತಿದರು. ನಾವು ಭೂತಗಳನ್ನು ಹೊತ್ತು, ಕುಣಿದು, ಗಂಟಲು ಹರಿಯುವಂತೆ ಕೂಗಿ ಬಂದಾಗ ಪರದೆಯ ಮೇಲೆ ಇಪ್ಪತ್ತೇಳು ಪರ್ಸೆಂಟ್ ಎಂದಿತ್ತು. ಕೆಳಗೆ 'ಕಂಪ್ಯೂಟರ್ ಆಫ್ ಮಾಡಬೇಡಿ' ಎಂಬ ಅಪ್ಪಣೆ. ಬೆಳಗಿನ ಐದಕ್ಕೆ ಎದ್ದು ನೋಡಿದರೂ ಇಪ್ಪತ್ತೇಳೇ. ಇವರು ಮಾತ್ರ ನಿದ್ದೆ ಮಾಡಿರಲಿಲ್ಲ. ಡಬ್ಬಕ್ಕೆ ಕಿವಿ ಹಚ್ಚಿ, ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಸೂಲಗಿತ್ತಿಯಂತೆ ಕೂತಿದ್ದರು.

"ಡಿಸ್ಕ್ ಟಿಕ್‌ಟಿಕ್ ಅಂತಿದೆ. ಜೀವ ಇದೆ. ಪ್ರಿಂಟರ್ ವೈರ್ ಕೀಳದೇ ಅಪ್‌ಡೇಟ್‌ಗೆ ಹಾಕ್ಬಿಟ್ಟೆ, ಅದಕ್ಕೇ ಸಿಕ್ಕಿಹಾಕ್ಕೊಂಡಿರಬೇಕು. ಈಗ ಕೀಳ್ಲಾ? ಇಲ್ಲ, ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡ್ಲಾ?"

"ನನ್ನನ್ನ ಕೇಳ್ತೀರಾ ಬ್ಲಿ? ಡಾಕ್ಟ್ರು ಯಾರು?"

"ಅರ್ಧದಲ್ಲಿ ಆಫ್ ಮಾಡಿದ್ರೆ ಎಲ್ಲಾ ಹೋದ್ರೂ ಹೋಗಬಹುದು."

"ಹೋದ್ರೆ ನಾನು ಸಾಯೋವರೆಗೂ ಗುತ್ತಿಗೆ ಟೀಚರೇ. ನೆನಪಿರಲಿ," ಎಂದೆ.

ಅಷ್ಟರಲ್ಲಿ ಅತ್ತೆ ಬಂದರು. ಆರು ಗಂಟೆಯಿಂದ ಮರುದಿನ ಆರರವರೆಗೆ ಇಡೀ ಬಾಲಿಯಲ್ಲಿ ಒಲೆ ಇಲ್ಲ, ದೀಪ ಇಲ್ಲ, ಕೆಲಸ ಇಲ್ಲ, ಗೇಟು ದಾಟುವಂತಿಲ್ಲ. ಪ್ರತಿ ವರ್ಷ ಆರಕ್ಕೆ ಐದು ನಿಮಿಷ ಇರುವಾಗ ಮನೆಯ ಮೇನ್ ಸ್ವಿಚ್ ಇಳಿಸುವುದು ಅತ್ತೆಯ ಹಕ್ಕು. ಅವರು ಕೈ ಎತ್ತಿದರೋ ಇಲ್ಲವೋ, ಮಗರಾಯರು ಓಡಿಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತರು.

"ಮೆಮೆ, ಬೇಡ! ಆಫ್ ಮಾಡಬೇಡಿ ಅಂತ ಬರೆದಿದೆ!"

"ಯಾರು ಬರೆದಿರೋದು?"

"ಕಂಪ್ಯೂಟರು."

"ದೇವರು ಹೇಳಿದ್ದು ಆಫ್ ಮಾಡು ಅಂತ. ಇವರಿಬ್ಬರಲ್ಲಿ ನಿನಗೆ ಹೆಚ್ಚು ಯಾರಪ್ಪಾ?"

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಮೆಮೆ, ನನ್ನ ಕೆಲಸದ ಅರ್ಜಿ ಅದರೊಳಗಿದೆ," ಎಂದೆ. ಅತ್ತೆ ನನ್ನ ಮುಖ ನೋಡಿ ಕೈ ಇಳಿಸಿದರು. ಆದರೆ ರಾಜಿ ಪುಕ್ಕಟೆ ಆಗಲಿಲ್ಲ. ಪರದೆ ಆರಿಸಬೇಕು, ಡಬ್ಬದ ಮೇಲಿನ ಸಣ್ಣ ದೀಪಗಳಿಗೂ ಕಪ್ಪು ಟೇಪು ಅಂಟಿಸಬೇಕು, ಉಳಿದ ಎಲ್ಲ ಪ್ಲಗ್ಗು ಕೀಳಬೇಕು. ಎಲ್ಲವನ್ನೂ ಮಾಡಿ ಮುಗಿಸುವಷ್ಟರಲ್ಲಿ ಆರು ಹೊಡೆಯಿತು. ಆರು ಹೊಡೆದ ಮೇಲೂ ಡಬ್ಬಕ್ಕೆ ಸಿಕ್ಕಿಸಿದ್ದ ಪ್ರಿಂಟರಿನ ವೈರಿಗೆ ಕೈ ಹಾಕಲು ಹೋದ ಇವರ ಬೆರಳಿನ ಮೇಲೆ ಅತ್ತೆ ಫಟ್ಟನೆ ಹೊಡೆದರು.

ಬೆಳಕೇನೋ ಹೋಯಿತು, ಸದ್ದು ಹೋಗಬೇಕಲ್ಲ? ಬೇರೆ ದಿನವಾಗಿದ್ದರೆ ಬೈಕುಗಳ ಗದ್ದಲದಲ್ಲಿ ಆ ಫ್ಯಾನಿನ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನ್ಯೆಪಿಯ ಮೌನದಲ್ಲಿ ಅದು ಗುಂಯ್ ಎಂದು ಕೇರಿಯ ಕೊನೆಯವರೆಗೂ ಕೇಳುತ್ತಿತ್ತು. ಒಂಬತ್ತಕ್ಕೆ ಗೇಟಿನ ಹೊರಗೆ ಕೆಮ್ಮು ಕೇಳಿಸಿ ಮೂವರೂ ಅಲ್ಲಿಗೆ ಹೋದೆವು. ಕಪ್ಪು ಬಿಳಿ ಚೌಕಳಿಯ ಬಟ್ಟೆ ಸುತ್ತಿಕೊಂಡ ನಮ್ಮ ಕೇರಿಯ ಹಿರಿಯರು ಪಕ್ ಸುತರ್ಮ. ಈ ದಿನ ಬೀದಿಯಲ್ಲಿ ಕಾಲಿಡುವ ಹಕ್ಕು ಇರುವುದು ಇಂಥ ಕಾವಲುಗಾರರಿಗೆ ಮಾತ್ರ.

"ವಿದಾರ್ತ, ಯಾರೋ ಒಳಗೆ ಕೆಲಸ ಮಾಡ್ತಿರೋದು?" ಎಂದು ಪಿಸುಗುಟ್ಟಿದರು.

"ಯಾರೂ ಇಲ್ಲ ಪಕ್. ಅದೇ ಮಾಡ್ಕೋತಿದೆ."

"ಏನು ಮಾಡ್ಕೋತಿದೆ?"

"ಅಪ್‌ಡೇಟು. ನಿನ್ನೆ ಸಂಜೆಯಿಂದ ಇಪ್ಪತ್ತೇಳರಲ್ಲೇ ನಿಂತಿದೆ."

"ಹಾಗಾದ್ರೆ ಅದೂ ಕೆಲಸ ಮಾಡ್ತಿಲ್ಲ ಬಿಡು. ನಿನಗಿಂತ ಚೆನ್ನಾಗಿ ನ್ಯೆಪಿ ಹಿಡಿದಿದೆ."

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಇವರು ನಗಲಿಲ್ಲ.

"ಪಕ್, ಒಂದೇ ಒಂದು ವೈರ್ ಕೀಳ್ತೀನಿ. ಆಗಲಿಲ್ಲ ಅಂದ್ರೆ ಬಟನ್ ಒತ್ತಿ ಹಿಡೀತೀನಿ. ಹತ್ತೇ ಸೆಕೆಂಡು."

"ಹೋದ ವರ್ಷ ನನ್ನ ಕಂಪ್ಯೂಟರ್ ಹೀಗೇ ನಿಂತಿತ್ತು. ನಾನು ಪ್ಲಗ್ ಕಿತ್ತೆ. ಕೆಟ್ಟುಹೋಯ್ತು. ನಿನ್ನ ಅಂಗಡಿಗೆ ತಂದಾಗ ನನ್ನ ಹೆಂಡ್ತಿ ಎದುರಿಗೇ ಏನಂದೆ ನೀನು?"

ಇವರು ಗೇಟಿನ ತುಕ್ಕು ಕೆರೆಯತೊಡಗಿದರು.

"'ಒಂದು ದಿನ ಸುಮ್ನೆ ಕಾಯೋಕಾಗ್ಲಿಲ್ವಾ ಮನುಷ್ಯ' ಅಂದೆ. ಈಗ ನೀನೂ ಒಂದು ದಿನ ಸುಮ್ನೆ ಕಾಯು. ನಾಳೆ ಆರರವರೆಗೂ ಯಾರೂ ಮುಟ್ಟಬಾರದು, ವೈರೂ ಇಲ್ಲ, ಪರದೆಯೂ ಇಲ್ಲ. ಸದ್ದಿಗೆ ನಾನೇನೋ ಹೇಳ್ಕೋತೀನಿ." ಅಷ್ಟು ಹೇಳಿ ನನ್ನ ಕಡೆ ತಿರುಗಿ, "ತಾಳಿದವನು ಬಾಳಿಯಾನು ಮಗಳೇ," ಎಂದು ಹೊರಟರು. ಎಂಥ ಖುಷಿ ಆ ಮುದುಕನ ನಡಿಗೆಯಲ್ಲಿ!

ಆ ದಿನ ಎಷ್ಟು ಉದ್ದ ಇತ್ತೆಂದು ನನಗೇ ಗೊತ್ತು. ಇವರು ನೀರು ಕುಡಿಯುವ ನೆಪದಲ್ಲಿ ಏಳು ಸಲ ಡಬ್ಬದ ಪಕ್ಕ ಹಾದರು. ಎಂಟನೇ ಸಲಕ್ಕೆ ಅತ್ತೆ ಅದರ ಮುಂದೆ ಚಾಪೆ ಹಾಕಿ ಕೂತುಬಿಟ್ಟರು.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗುಂಯ್ ಎನ್ನುವುದು ನಿಂತಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿಯವರೆಗೆ ಆ ಸದ್ದಿಗೆ ಶಾಪ ಹಾಕುತ್ತಿದ್ದ ನಾನು, ಅದು ನಿಂತ ಕೂಡಲೇ ಮತ್ತೆ ಶುರುವಾಗಲಿ ಎಂದು ಕೈ ಮುಗಿದೆ.

"ಮುಗೀತಾ?" ಎಂದೆ.

"ಮುಗಿದು ಮಲಗಿರಬಹುದು," ಎಂದರು ಇವರು. "ಇಲ್ಲಾ ಸತ್ತಿರಬಹುದು. ಕಿವಿಗೆ ಎರಡೂ ಒಂದೇ ಥರ."

ಅತ್ತೆ ಎದ್ದರು. "ನಾನು ಹಿತ್ತಲಿಗೆ ಹೋಗ್ತೀನಿ. ನೀವಿಬ್ಬರೂ ಏನು ಮಾಡಿದಿರಿ ಅಂತ ನನಗೆ ಗೊತ್ತಾಗಲ್ಲ," ಎಂದು ನಿಜವಾಗಿಯೂ ಹೋಗಿಬಿಟ್ಟರು. ಪ್ರತಿ ವರ್ಷ ಮೇನ್ ಸ್ವಿಚ್ ಇಳಿಸುವ ಹೆಂಗಸು! ನನಗೆ ಕಣ್ಣು ತುಂಬಿತು.

ಇವರ ಕೈ ಪರದೆಯ ಗುಂಡಿಯ ಹತ್ತಿರ ಹೋಯಿತು. ನಾನು ಹಿಡಿದುಕೊಂಡೆ.

"ಬೇಡ ಬ್ಲಿ. ಸತ್ತಿದ್ರೆ ನನಗೆ ನಾಳೆವರೆಗೂ ಗೊತ್ತಾಗೋದು ಬೇಡ."

"ತಪ್ಪು ನಂದೇ ಲುಹ್. ಇದು ಹೋದ್ರೆ ನೀನು ಜೀವನಪೂರ್ತಿ ಚುಚ್ಚಿ ಚುಚ್ಚಿ ಆಡ್ಕೋತೀಯ, ಗೊತ್ತು."

"ಇಲ್ಲ. ಆಮೇಲೆ ಆಡ್ಕೊಳ್ಳೋದೇ ಇಲ್ಲ. ಅದಕ್ಕೆ ಹೆದರ್ಕೊಳ್ಳಿ."

ಯಾಕೋ ಆಗ ನನ್ನ ಬಾಯಿಂದ ನಿಜ ಹೊರಬಿತ್ತು. "ಅರ್ಜಿ ಪೂರ್ತಿ ಆಗಿರಲಿಲ್ಲ ಬ್ಲಿ. ಒಂದು ಕಡೆ ಖಾಲಿ ಬಿಟ್ಟಿದ್ದೆ. 'ಸಮುದ್ರ ದಾಟಿ ನುಸಾ ಪೆನಿಡಾ ದ್ವೀಪಕ್ಕೆ ಹಾಕಿದರೂ ಹೋಗುತ್ತೀರಾ' ಅಂತ ಕೇಳಿದ್ರು. ಹೌದು ಅಂದ್ರೆ ಕೆಲಸ ಸಿಗೋದು ಸುಲಭ. ಒಂದು ವಾರದಿಂದ ಅದರ ಮುಂದೆ ಕೂತು ಏಳ್ತಿದ್ದೀನಿ."

"ನನಗ್ಯಾಕೆ ಹೇಳಲಿಲ್ಲ?"

"ನಗ್ತಿದ್ರಿ."

ಅವರು ನಗಲಿಲ್ಲ. ಅತ್ತೆ ಬಿಟ್ಟುಹೋದ ಚಾಪೆಯ ಮೇಲೆ ನನ್ನನ್ನೂ ಕೂರಿಸಿ, ಪಕ್ಕದಲ್ಲಿ ತಾವೂ ಕೂತರು.

ಮರುದಿನ ಆರಕ್ಕೆ ಸರಿಯಾಗಿ ಇವರು ಪರದೆ ಹಚ್ಚಿ ಕೀಲಿಮಣೆ ತಟ್ಟಿದರು. ಡಬ್ಬ ಒಮ್ಮೆ ನರಳಿತು. ನನ್ನ ಉಗುರುಗಳು ಅವರ ತೋಳಿನಲ್ಲಿ ನಾಟಿದ್ದವು. ಕಪ್ಪು, ಮತ್ತೆ ಕಪ್ಪು, ಆಮೇಲೆ ನೀಲಿ ಬೆಳಕು. ಪರದೆಯ ಮೇಲೆ ನನ್ನ ಹೆಸರಿನ ಫೋಲ್ಡರ್ ಬಂತು, ಅದರೊಳಗೆ ನನ್ನ ಸರ್ಟಿಫಿಕೇಟುಗಳು ಒಂದೂ ಬಿಡದೆ ಇದ್ದವು. ಅವಸರವಿಲ್ಲದೆ, ಯಾರೂ ಕೈ ಹಾಕದೆ, ತನ್ನ ಪಾಡಿಗೆ ತಾನು ಮುಗಿಸಿಕೊಂಡಿತ್ತು. ಅತ್ತೆ ಮೊದಲು ಅದಕ್ಕೆ ಹೂವಿಟ್ಟರು, ಆಮೇಲೆ ಮಗನ ತಲೆಗೆ ಮೊಟಕಿದರು.

ಇಂಟರ್‌ನೆಟ್ ಬಂದಾಗ ಎಂಟೂವರೆ. ಅರ್ಜಿ ತೆರೆದೆ. ಖಾಲಿ ಬಿಟ್ಟ ಜಾಗ ಬಂತು. ನನ್ನ ಕೈ ನಿಂತಿತು. ಹಿಂದಿನಿಂದ ಇವರ ಕೈ ಬಂದು, ನನ್ನ ಕೈಯ ಮೇಲೆ ಕೂತು, ಮೌಸನ್ನು ಸರಿಸಿ, 'ಹೌದು' ಎಂಬಲ್ಲಿ ಒತ್ತಿತು.

"ಬ್ಲಿ! ದಿನಾ ದೋಣಿ ಹತ್ತಬೇಕಾಗುತ್ತೆ. ಇಲ್ಲಾ ಅಲ್ಲೇ ಉಳಿಬೇಕಾಗುತ್ತೆ. ಗೊತ್ತಿದ್ದೂ ಒತ್ತಿದ್ರಾ?"

"ಆ ದ್ವೀಪದಲ್ಲೂ ಕಂಪ್ಯೂಟರುಗಳು ಕೆಡುತ್ತವೆ ಲುಹ್," ಎಂದರು. ಆಮೇಲೆ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳೆರಡನ್ನೂ ಬೆನ್ನಿಗೆ ಕಟ್ಟಿಕೊಂಡರು. "ಕಳಿಸೋದನ್ನ ನೀನೇ ಒತ್ತು. ಈ ವಾರ ನಾನು ಒತ್ತಿದ್ದು ಸಾಕು."